ಎತ್ತಿನ ಜಾತ್ರೆಯಿಂದ ಜಯನಗರಕ್ಕೆ

ಕಾಲೇಜಿನ ಮೇಷ್ಟರಿಗೂ ವ್ಯಾಪಾರಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ. ಹತ್ತು ವರ್ಷಗಳಿಂದ ತರಗತಿಯಲ್ಲಿ ಪಂಪ ರನ್ನರ ನಾಯಕರ ಪೌರುಷವನ್ನು ಬಣ್ಣಿಸುತ್ತ ಬಂದಿದ್ದರೂ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಾಲು ಕಿಲೋ ಹುರುಳಿಕಾಯಿಯ ಬೆಲೆಯಲ್ಲಿ ಎರಡು ರೂಪಾಯಿ ಇಳಿಸುವಷ್ಟು ಪೌರುಷ ನನಗಿನ್ನೂ ಬಂದಿಲ್ಲ. ಇಂಥವನ ತಲೆಯ ಮೇಲೆ ಒಂದು ಮೋಟಾರು ಕೊಳ್ಳುವ ಹೊಣೆ ಬಿತ್ತು. ತಾಯಿಯವರ ಮಂಡಿನೋವು ಹೆಚ್ಚಾಗಿ ಸ್ಕೂಟರಿನ ಹಿಂದೆ ಕೂರುವುದು ಅವರಿಂದ ಸಾಧ್ಯವಾಗದೆ ಹೋಯಿತು. ಏಳು ವರ್ಷ ಕೂಡಿಟ್ಟ ಹಣವನ್ನೆಲ್ಲ ಎಣಿಸಿದರೆ ಐದು ಲಕ್ಷ ಎಪ್ಪತ್ತೈದು ಸಾವಿರ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲ, ತೀರ ಹಳೆಯದನ್ನು ಕೊಳ್ಳುವ ಧೈರ್ಯವಿಲ್ಲ. ಉಳಿದದ್ದು ನಡುವಣ ಹಾದಿ: ಯಾರೋ ಕೊಂಡು, ವರ್ಷ ತುಂಬುವ ಮೊದಲೇ ಮಾರುವ, ಹೊಸದರಂಥ ಹಳೆಯ ಕಾರು.

“ನಿಮ್ಮ ಸೋದರಮಾವನವರನ್ನು ಜೊತೆಗೆ ಕರೆದುಕೊಂಡು ಹೋಗಿ” ಎಂದಳು ಮನೆಯಾಕೆ.

“ಅವರಿಗೆ ಎತ್ತು ಗೊತ್ತು. ಕಾರು ಗೊತ್ತಿಲ್ಲವಲ್ಲ?”

“ನಿಮಗೆ ಎರಡೂ ಗೊತ್ತಿಲ್ಲವಲ್ಲ” ಎಂದು ಆಕೆ ಒಳಗೆ ಹೋದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಹೀಗೆ 2025ರ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಮಾವನೂ ನಾನೂ ಮೈಸೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದೆವು. ಮಾವನಿಗೆ ಎಪ್ಪತ್ತು ದಾಟಿದೆ. ಕೃಷ್ಣರಾಜನಗರದ ಕಡೆಯ ಬೇಸಾಯಗಾರರು. ಬಿಳಿಯ ಪಂಚೆ, ಅಂಗಿಯ ಮೇಲೆ ಅಂಚಿರುವ ಟವೆಲು, ಕೈಯಲ್ಲಿ ಅತ್ತೆ ಕಟ್ಟಿಕೊಟ್ಟ ಚಕ್ಕುಲಿಯ ಚೀಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರೈಲು ಸದ್ದು ಬದಲಿಸಿದಾಗ ಅವರು ಕಿಟಕಿಯ ಹೊರಗೆ ಕಾವೇರಿಗೆ ಕೈಮುಗಿದು, “ನಮ್ಮೂರ ಮೇಲಿಂದಾನೇ ಬಂದೋಳು ಕಣಪ್ಪ ಈಕೆ” ಎಂದರು. ಅದು ನಿಜವೇ. ಅಲ್ಲಿಂದ ಮೇಲಕ್ಕೆ, ಚುಂಚನಕಟ್ಟೆಯಲ್ಲಿ ಇದೇ ಕಾವೇರಿ ಬಂಡೆಗಳ ನಡುವೆ ಧುಮುಕುತ್ತಾಳೆ. ದಡದಲ್ಲಿ ಕೋದಂಡರಾಮನ ಗುಡಿ. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ನೆರೆಯುವ ದನಗಳ ಜಾತ್ರೆ ನಮ್ಮ ಸೀಮೆಯಲ್ಲೆಲ್ಲ ಹೆಸರಾದದ್ದು. ಬೂದು ಬಣ್ಣದ, ನೀಳ ಕೊಂಬಿನ ಹಳ್ಳಿಕಾರ್ ಜೋಡಿಗಳನ್ನು ಸಾಲುಸಾಲಾಗಿ ಕಟ್ಟಿರುತ್ತಾರೆ. ಹುಡುಗನಾಗಿದ್ದಾಗ ನಾನು ಮಾವನ ಬೆರಳು ಹಿಡಿದು ಆ ಸಾಲುಗಳಲ್ಲಿ ನಡೆದಿದ್ದೇನೆ.

ಎತ್ತನ್ನು ಅಳೆಯುವ ವಿದ್ಯೆಯನ್ನು ಮಾವ ಮಂಡ್ಯ ಬರುವವರೆಗೆ ನನಗೆ ಮತ್ತೊಮ್ಮೆ ಪಾಠ ಹೇಳಿದರು. ಮೊದಲು ಬಾಯಿ. ಹಾಲುಹಲ್ಲು ಬಿದ್ದು ಮೊದಲ ಜೋಡಿ ಹಲ್ಲು ಕಾಣುವುದು ಎರಡು, ಎರಡೂವರೆ ವರ್ಷಕ್ಕೆ. ಅನಂತರ ನಾಲ್ಕು, ಆರು. ಎಂಟೂ ಬಂದರೆ ಬಾಯಿಗೂಡಿತು. ಮಾರುವವನು ವಯಸ್ಸನ್ನು ಎಷ್ಟೇ ಮುಚ್ಚಿಡಲಿ, ಹಲ್ಲು ಹೇಳಿಬಿಡುತ್ತದೆ. ಆಮೇಲೆ ಸುಳಿ. ಆಮೇಲೆ ಹತ್ತು ಹೆಜ್ಜೆ ನಡೆಸಿ ಕಾಲೂರುವ ಬಗೆ. ಬೆಲೆಯ ಮಾತು ಬಾಯಲ್ಲಿ ಆಗಕೂಡದು. ಮಾರುವವನ ಕೈಯೂ ಕೊಳ್ಳುವವನ ಕೈಯೂ ಒಂದು ಟವೆಲಿನ ಕೆಳಗೆ ಸೇರುತ್ತವೆ. ಅಲ್ಲಿ ಬೆರಳು ಹಿಡಿದಷ್ಟು ಬೆಲೆ. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಗೊತ್ತಾಗುವುದು ಇಬ್ಬರಿಗೇ.

“ಯಾಕೆ ಮಾವ ಅಷ್ಟು ಗುಟ್ಟು?”

“ಎಲ್ರ ಎದುರಿಗೂ ಒಂದು ಬೆಲೆ ಹೇಳ್ಬಿಟ್ರೆ ಮನುಷ್ಯ ಅದಕ್ಕೆ ಅಂಟಿಕೊಂಡ್ಬಿಡ್ತಾನೆ. ಇಳಿಯೋಕೆ ನಾಚಿಕೆ. ಟವೆಲ್ ಕೆಳಗೆ ಇಳಿದ್ರೆ ಯಾರಿಗೂ ಕಾಣಲ್ಲ.”

ಅರ್ಥಶಾಸ್ತ್ರದ ಸಹೋದ್ಯೋಗಿಗಳು ಇಷ್ಟು ಸರಳವಾಗಿ ಇದನ್ನು ನನಗೆ ಎಂದೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಇಳಿದು, ಮೊದಲು ನಗರದ ದಕ್ಷಿಣ ಭಾಗದ ಹೆದ್ದಾರಿಯೊಂದರ ಬದಿಯಲ್ಲಿದ್ದ ಹಳೆಯ ಕಾರುಗಳ ಅಂಗಳಕ್ಕೆ ಹೋದೆವು. ಜಾತ್ರೆಯೆಂದರೆ ಅದೂ ಜಾತ್ರೆಯೇ. ಬಾನೆಟ್ಟುಗಳಿಗೆ ಕನ್ನಡಿಯಂತೆ ಹೊಳಪು, ಗಾಜಿನ ಮೇಲೆ ದೊಡ್ಡ ಅಕ್ಷರದ ಬೆಲೆ. ಮಾರುವ ಯುವಕ ನಮ್ಮ ಮುಂದೆ ಒಂದು ಚಿಕ್ಕ ಕಾರನ್ನು ನಿಲ್ಲಿಸಿ, “ಒಂದು ವರ್ಷ ಹಳೆಯದು ಸಾರ್, ಎಂಟು ಸಾವಿರ ಕಿಲೋಮೀಟರು ಮಾತ್ರ ಓಡಿದೆ. ಆರು ಲಕ್ಷ ಹತ್ತು ಸಾವಿರ” ಎಂದ.

ಮಾವ ಮಾತಾಡದೆ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತರು. “ಇದರ ಹಲ್ಲು ಎಲ್ಲಿರುತ್ತೆ?” ಎಂದು ನನ್ನನ್ನು ಕೇಳಿದರು.

ಓದಿ ತಿಳಿದುಕೊಂಡಿದ್ದ ಒಂದು ಸಂಗತಿ ಆಗ ನೆನಪಿಗೆ ಬಂತು. ಪ್ರತಿಯೊಂದು ಟೈರಿನ ಪಕ್ಕದಲ್ಲೂ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. 2325 ಎಂದಿದ್ದರೆ 2025ನೆಯ ಇಸವಿಯ ಇಪ್ಪತ್ಮೂರನೆಯ ವಾರ. ಬಗ್ಗಿ ನೋಡಿದೆ. ಕಾರು 2024ರದು, ಮುಂದಿನ ಎರಡು ಟೈರುಗಳು ಮಾತ್ರ 2025ರವು. ಎಂಟು ಸಾವಿರ ಕಿಲೋಮೀಟರಿಗೆ ಟೈರು ಸವೆಯುವುದುಂಟೆ? ಮಾವ ಬಾಗಿಲು ತೆರೆದು ಬ್ರೇಕಿನ ಮತ್ತು ಕ್ಲಚ್ಚಿನ ಪೆಡಲುಗಳ ಮೇಲಿನ ರಬ್ಬರನ್ನು ಬೆರಳಿನಿಂದ ಸವರಿದರು. ಗೆರೆಗಳು ಅಳಿಸಿ ನುಣ್ಣಗಾಗಿದ್ದವು. “ಉಳುಮೆ ಜೋರಾಗೇ ನಡೆದಿದೆ” ಎಂದು ಎದ್ದರು. ಮೀಟರಿನ ಅಂಕಿಯನ್ನು ತಿದ್ದಬಹುದು. ಕಾಲು ತುಳಿದ ರಬ್ಬರನ್ನು ತಿದ್ದುವುದು ಕಷ್ಟ. ಯುವಕನಿಗೆ ಒಂದು ಚಕ್ಕುಲಿ ಕೊಟ್ಟು ನಾವು ಹೊರಬಿದ್ದೆವು.

ಅಲ್ಲಿಂದ ಹೊರಟ ಆಟೋ ಲಾಲ್‌ಬಾಗಿನ ಬದಿಯಿಂದ ಸಾಗಿ ಅಶೋಕ ಸ್ತಂಭವನ್ನು ಬಳಸಿ ಜಯನಗರವನ್ನು ಹೊಕ್ಕಿತು. 1948ರಲ್ಲಿ ರಾಜಾಜಿಯವರಿಂದ ಅಡಿಗಲ್ಲು ಹಾಕಿಸಿಕೊಂಡ ಬಡಾವಣೆ ಇದು. ಬ್ಲಾಕು, ಮೇನು, ಕ್ರಾಸು ಎಂದು ಎಲ್ಲಕ್ಕೂ ಅಂಕಿ. ಆದರೂ ಹೊಂಗೆಯ ನೆರಳು ಆ ಅಂಕಿಗಳ ಬಿಗುವನ್ನೆಲ್ಲ ಕರಗಿಸಿಬಿಡುತ್ತದೆ. ತುಳಸಿಕಟ್ಟೆ, ಕಾಂಪೌಂಡಿನ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ, ಎಲ್ಲೋ ವೀಣೆಯ ಪಾಠ. ಹಳೆಯ ಮನೆಗಳನ್ನು ಕಟ್ಟಿದವರು ಕಾರಿಗೆಂದು ಜಾಗ ಬಿಟ್ಟದ್ದು ಅಪರೂಪ. ಹೀಗಾಗಿ ಬೀದಿಯ ಎರಡು ಬದಿಗೂ ಬೂದುಬಣ್ಣದ ಹೊದಿಕೆ ಹೊದ್ದ ಕಾರುಗಳು ನಿಂತಿರುತ್ತವೆ. ಮಾವನ ಕಣ್ಣಿಗೆ ಅದು ಬೇರೆಯೇ ಆಗಿ ಕಂಡಿತು. “ನಮ್ಮೂರಲ್ಲಿ ಹಟ್ಟಿ ಮುಂದೆ ದನ ಕಟ್ದಂಗೇ ಇದೆ” ಎಂದರು.

ನಾವು ಹುಡುಕಿಕೊಂಡು ಬಂದದ್ದು ನಿವೃತ್ತ ಹೆಡ್‌ಮಾಸ್ತರರೊಬ್ಬರ ಬಾಡಿಗೆಯ ಮನೆ. ಕಾರು ಮಾರಲಿದ್ದಾರೆಂದು ಸಹೋದ್ಯೋಗಿಯೊಬ್ಬರು ತಿಳಿಸಿದ್ದರು. ಅವರು 2025ರ ಏಪ್ರಿಲಿನಲ್ಲಿ ಕಾರನ್ನು ಕೊಂಡರು. ಅಕ್ಟೋಬರಿನಲ್ಲಿ ಕಣ್ಣಿನ ವೈದ್ಯರು ಇನ್ನು ಓಡಿಸಬೇಡಿ ಎಂದರು. ಓಡಿದ್ದು ಒಟ್ಟು ಮೂರು ಸಾವಿರದ ಇನ್ನೂರು ಕಿಲೋಮೀಟರು. ಹೊದಿಕೆ ತೆಗೆಯುವಾಗ ಅವರು ಅದನ್ನು ಎಳೆಯಲಿಲ್ಲ. ಮಗುವಿನ ಮೈಮೇಲಿನ ಹಚ್ಚಡದಂತೆ ಮೆಲ್ಲಗೆ ಮಡಿಸಿದರು.

ಮಾವ ಹಲ್ಲು ನೋಡಿದರು. ನಾಲ್ಕು ಟೈರುಗಳೂ ಒಂದೇ ವಯಸ್ಸಿನವು. ನಾನು ಆರ್.ಸಿ.ಯ ಷಾಸಿ ನಂಬರನ್ನು ಕಾರಿನ ಮೇಲಿನ ನಂಬರಿನೊಡನೆ ಹೋಲಿಸಿದೆ. ಎಂ-ಪರಿವಾಹನ್‌ನಲ್ಲಿ ಗಾಡಿಯ ಸಂಖ್ಯೆ ಹಾಕಿ, ಬ್ಯಾಂಕಿನ ಸಾಲದ ಗುರುತಾಗಲಿ ಬಾಕಿ ದಂಡವಾಗಲಿ ಇಲ್ಲವೆಂದು ಕಂಡುಕೊಂಡೆ. ಬೀದಿಯಲ್ಲಿ ಒಂದು ಸುತ್ತು ಓಡಿಸಿದೆ. ಯಾವ ಲೋಪವೂ ಕಾಣಲಿಲ್ಲ. ಇನ್ನು ಉಳಿದದ್ದು ಬೆಲೆ.

ನಡುಮನೆಯಲ್ಲಿ ಕುಳಿತು ಕಾಫಿ ಕುಡಿದೆವು. ಅವರೂ ಮೇಷ್ಟರು, ನಾನೂ ಮೇಷ್ಟರು. ಮುಕ್ಕಾಲು ಗಂಟೆ ವ್ಯಾಕರಣವನ್ನೂ ಹುಡುಗರ ಕಾಗುಣಿತವನ್ನೂ ಕುರಿತು ಮಾತಾಡಿದೆವೇ ಹೊರತು ಇಬ್ಬರ ಬಾಯಲ್ಲೂ ಅಂಕಿ ಹೊರಡಲಿಲ್ಲ. ಕೊನೆಗೆ ಮಾವ ಕೆಮ್ಮಿದರು. ಹೆಡ್‌ಮಾಸ್ತರರು ನೆಲ ನೋಡುತ್ತ, “ನಾನು ಷೋರೂಮಿನಲ್ಲಿ ಕೊಟ್ಟದ್ದು ಏಳು ಲಕ್ಷ ಇಪ್ಪತ್ತು ಸಾವಿರ. ಅದರ ಮೇಲೆ ರಸ್ತೆ ತೆರಿಗೆ ಬೇರೆ. ಆರು ಲಕ್ಷ ಮೂವತ್ತು ಸಾವಿರ ಬಂದರೆ ಸಾಕು” ಎಂದರು.

ಇಲ್ಲಿ ಓದುಗರಿಗೆ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು. 2025ರ ಸೆಪ್ಟೆಂಬರ್ 22ರಂದು, ಮೈಸೂರಿನಲ್ಲಿ ದಸರಾ ತೊಡಗಿದ ದಿನವೇ, ನಾಲ್ಕು ಮೀಟರು ಮೀರದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದರ ಜೊತೆಗಿದ್ದ ಶೇಕಡಾ 1ರ ಸೆಸ್ಸೂ ಹೋಯಿತು. ಆ ಲೆಕ್ಕದಲ್ಲಿ ಏಪ್ರಿಲಿನಲ್ಲಿ 7,20,000 ಇದ್ದ ಕಾರಿನ ಬೆಲೆ ದಸರೆಯ ಹೊತ್ತಿಗೆ ಸುಮಾರು 6,58,600. ಇನ್ನು ಹಳತಾದುದರ ಇಳಿಕೆ. ವಿಮಾ ಕಂಪೆನಿಗಳು ಕಾರಿನ ಮೌಲ್ಯ ಕಟ್ಟಲು ಬಳಸಿಕೊಂಡು ಬಂದ ಒಂದು ಪಟ್ಟಿಯಿದೆ. ಆರು ತಿಂಗಳವರೆಗೆ ಶೇಕಡಾ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಎಂಟು ತಿಂಗಳ ಈ ಕಾರಿಗೆ 15 ಕಳೆಯಬೇಕು. ಹೆಡ್‌ಮಾಸ್ತರರು ತಾವು ಕೊಟ್ಟ ಬೆಲೆಯಿಂದ ಕಳೆದರೆ 6,12,000. ನಾನು ಇಂದಿನ ಬೆಲೆಯಿಂದ ಕಳೆದರೆ ಸುಮಾರು 5,60,000. ಪಟ್ಟಿಯೊಂದೇ, ಗಣಿತವೊಂದೇ; ಎಣಿಕೆ ತೊಡಗುವ ಜಾಗ ಮಾತ್ರ ಬೇರೆ.

ಇದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು. “ಸರ್ಕಾರ ತೆರಿಗೆ ಇಳಿಸಿದ್ದು ನನ್ನ ತಪ್ಪೇ ಸಾರ್?” ಎಂದರು.

“ತಮ್ಮ ತಪ್ಪಲ್ಲ ಸಾರ್” ಎಂದೆ. ನನ್ನದೂ ಅಲ್ಲ ಎನ್ನುವ ಮಾತು ಗಂಟಲಲ್ಲೇ ಉಳಿಯಿತು.

ಅಷ್ಟರಲ್ಲಿ ಅವರ ಪತ್ನಿ ಒಳಗಿನಿಂದ ಬಂದರು. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಹುಬ್ಬಳ್ಳಿಯ ಮಗಳ ಮನೆಗೆ ಹೋಗಲಿದ್ದಾರೆಂದೂ, ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲವೆಂದೂ, ಹಳೆಯ ಕಾರಿನ ವ್ಯಾಪಾರಿಯೊಬ್ಬ ನಾಲ್ಕು ಲಕ್ಷ ತೊಂಬತ್ತೈದು ಸಾವಿರಕ್ಕೆ ಒಂದು ಕಾಸೂ ಹೆಚ್ಚಿಲ್ಲ ಎಂದು ಹೋಗಿದ್ದಾನೆಂದೂ ಆಕೆ ಸರಳವಾಗಿ ಹೇಳಿಬಿಟ್ಟರು. ಹೆಡ್‌ಮಾಸ್ತರರು ತಡೆಯಲು ಕೈ ಎತ್ತಿದ್ದು ತಡವಾಗಿತ್ತು.

“ಒಂದು ನಿಮಿಷ, ಹೊರಗೆ ಹೋಗಿ ಬರ್ತೀವಿ” ಎಂದು ಮಾವ ಎದ್ದರು. ಹೊಂಗೆಯ ಮರದ ಕೆಳಗೆ ನಿಂತೆವು. ಜೀವನದಲ್ಲಿ ಮೊದಲ ಬಾರಿ ನನ್ನ ಮೈಯಲ್ಲಿ ವ್ಯಾಪಾರಿಯ ರಕ್ತ ಹರಿಯುತ್ತಿತ್ತು. “ಮಾವ, ಇವರಿಗೆ ಬೇರೆ ದಾರಿಯಿಲ್ಲ. ಐದು ಲಕ್ಷ ಎಂದರೂ ಕೊಟ್ಟುಬಿಡುತ್ತಾರೆ” ಎಂದೆ. ಹೇಳುವಾಗ ಮನಸ್ಸಿನಲ್ಲೇ ಮಿಕ್ಕ ಎಪ್ಪತ್ತೈದು ಸಾವಿರಕ್ಕೆ ತಾಯಿಯ ಮಂಡಿಯ ಚಿಕಿತ್ಸೆ, ಮಗಳ ಶಾಲೆಯ ಶುಲ್ಕ ಎಂದು ಹಂಚಿಕೆಯೂ ಆಗಿಹೋಗಿತ್ತು.

ಮಾವ ಸ್ವಲ್ಪ ಹೊತ್ತು ಟವೆಲಿನ ಅಂಚನ್ನು ಮಡಿಸುತ್ತ ನಿಂತರು.

“2003ರ ಬರ ನಿನಗೆ ನೆಪ್ಪಿದ್ಯಾ? ಅದರ ಮುಂದಿನ ಜಾತ್ರೇಲಿ ಒಬ್ಬ ಬಂದಿದ್ದ. ಮೇವಿಲ್ಲ, ನೀರಿಲ್ಲ, ಜೋಡಿ ಎತ್ತು ಮಾತ್ರ ಚಿನ್ನ. ಹನ್ನೆರಡು ಸಾವಿರ ಹೇಳ್ದ. ನಾನು ಮೂರು ದಿವಸ ಸುಮ್ನಿದ್ದೆ. ಮೂರನೇ ಸಂಜೆ ಟವೆಲ್ ಹಾಕಿ ಏಳಕ್ಕೆ ಹಿಡಿದೆ. ಕೊಟ್ಟ. ದುಡ್ಡು ಎಣಿಸ್ಲೂ ಇಲ್ಲ, ಎತ್ತಿನ ಕೊರಳ ಮೇಲಿಂದ ಕೈ ತೆಗೀಲಿಲ್ಲ. ಊರಲ್ಲೆಲ್ಲ ನನಗೆ ಶಹಭಾಸ್‌ಗಿರಿ. ಮರುವರ್ಷ ಅದೇ ಜಾತ್ರೇಲಿ ಅವನು ಸಿಕ್ದ, ಯಾರದೋ ಗಾಡಿಗೆ ಹುಲ್ಲು ಹೇರ್ತಿದ್ದ. ನನ್ನ ಗುರುತು ಹಿಡಿದು, ‘ಅಣ್ಣ, ಎತ್ತು ಚೆನ್ನಾಗಿವ್ಯಾ?’ ಅಂದ. ಅಷ್ಟೇ ಕೇಳಿದ್ದು. ನನ್ನ ಕೈಲಿ ತಲೆ ಎತ್ತಿ ‘ಹೂಂ’ ಅನ್ನೋಕಾಗ್ಲಿಲ್ಲ ಕಣಪ್ಪ. ಅವತ್ತಿಂದ ಒಂದು ಲೆಕ್ಕ ಇಟ್ಕೊಂಡಿದೀನಿ. ಮಾರಿದೋನು ಮರುವರ್ಷ ಎದುರು ಸಿಕ್ರೆ ನಿಂತು ಮಾತಾಡೋ ಹಂಗಿರ್ಬೇಕು ಬೆಲೆ.”

ನಾನು ಮಾತಾಡಲಿಲ್ಲ. ಅವರೇ ಮುಂದುವರಿಸಿದರು. “ಹಂಗಂತ ದಾನ ಮಾಡು ಅಂತಿಲ್ಲ. ಬೆಳಿಗ್ಗೆ ಆ ಅಂಗಳದೋನು ಆರು ಹತ್ತು ಹೇಳ್ದ. ಇವರಿಗೆ ಬಂದ ದಲ್ಲಾಳಿ ನಾಲ್ಕು ತೊಂಬತ್ತೈದು ಅಂದ. ನಡುವೆ ಎಷ್ಟಾಯ್ತು?”

“ಒಂದು ಲಕ್ಷ ಹದಿನೈದು ಸಾವಿರ.”

“ಅದು ದಲ್ಲಾಳಿ ಪಾಲು. ಅವನೂ ಅಂಗಡಿ ಬಾಡಿಗೆ ಕಟ್ಟಬೇಕು, ತಪ್ಪಿಲ್ಲ. ಆದ್ರೆ ಇಲ್ಲಿ ಅವನಿಲ್ಲವಲ್ಲ. ಆ ಪಾಲನ್ನ ನೀನೂ ಅವರೂ ಹಂಚ್ಕೊಳ್ಳಿ. ಅವರ ಹೊಟ್ಟೆ ಮೇಲೆ ಹೊಡಿಯೋ ಅಗತ್ಯ ಏನೈತೆ?”

ಒಳಗೆ ಬಂದು ಮಾವ ಹೆಡ್‌ಮಾಸ್ತರರ ಪಕ್ಕ ಕುಳಿತು, ಹೆಗಲ ಮೇಲಿನ ಟವೆಲನ್ನು ತೆಗೆದು, “ಮೇಷ್ಟ್ರೇ, ಕೈ ಕೊಡಿ” ಎಂದರು.

ಹೆಡ್‌ಮಾಸ್ತರರ ಮುಖ ಇದ್ದಕ್ಕಿದ್ದಂತೆ ಅರಳಿತು. “ನಮ್ಮದು ದೊಡ್ಡಬಳ್ಳಾಪುರದ ಕಡೆ. ನಮ್ಮ ತಂದೆಯವರು ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಹೀಗೇ ಮಾಡುತ್ತಿದ್ದರು!” ಎಂದು ಕೈಯನ್ನು ಟವೆಲಿನ ಕೆಳಗೆ ಇಟ್ಟರು. ಐದು ಲಕ್ಷ ನಿಂತ ಲೆಕ್ಕ, ಅದರ ಮೇಲೆ ಬೆರಳಿಗೆ ಹತ್ತು ಸಾವಿರ, ಅರ್ಧ ಬೆರಳಿಗೆ ಐದು ಎಂದು ಇಬ್ಬರೂ ಗೊತ್ತುಮಾಡಿಕೊಂಡರು.

ಅನಂತರ ನಡೆದದ್ದು ನನಗೆ ಕಾಣಲಿಲ್ಲ. ಕಂಡದ್ದು ಎರಡು ಮುಖಗಳು. ಹೆಡ್‌ಮಾಸ್ತರರು ತಲೆಯಾಡಿಸಿದರು. ಟವೆಲು ಅಲುಗಿತು. ಮಾವ ಕಣ್ಣು ಮುಚ್ಚಿದರು. ಹೆಡ್‌ಮಾಸ್ತರರು, “ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಟ್ಟಿದ್ದೇನೆ, ಇನ್ನೂ ಎರಡು ವರ್ಷದ ಮೇಲೆ ಉಳಿದಿದೆ. ಜೀವಾವಧಿ ರಸ್ತೆ ತೆರಿಗೆ ಕಟ್ಟಿದ್ದೇನೆ” ಎಂದರು. ಮಾತು ನ್ಯಾಯವಾದದ್ದೇ. ಹೊಸ ಕಾರಿಗೆ ಆ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಪಡೆಯಬೇಕೆಂಬ ನಿಯಮ 2018ರಿಂದ ಇದೆ. ಎರಡನೆಯ ಒಡೆಯನಿಗೆ ಅದು ಉಳಿತಾಯ. ಟವೆಲು ಮತ್ತೆ ಅಲುಗಿತು. ಈ ಸಲ ಮಾವ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಆ ತಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು. ಒಂದು ಗಳಿಗೆಯ ಮೇಲೆ ಹೆಡ್‌ಮಾಸ್ತರರು ನಕ್ಕರು. ಟವೆಲು ಸರಿಯಿತು. ಮಾವನ ಎಡಗೈ ಅವರ ಕೈಯ ಮೇಲೆ ಇನ್ನೂ ಇತ್ತು.

“ಐದು ಅರವತ್ತೈದು” ಎಂದರು ಮಾವ. ವ್ಯಾಪಾರಿ ಕೊಡುತ್ತೇನೆಂದುದಕ್ಕಿಂತ ಅವರಿಗೆ ಎಪ್ಪತ್ತು ಸಾವಿರ ಹೆಚ್ಚು. ಅಂಗಳದ ಬೆಲೆಗಿಂತ ನನಗೆ ನಲವತ್ತೈದು ಸಾವಿರ ಕಡಿಮೆ, ಅದೂ ಪೆಡಲು ಸವೆಯದ ಕಾರು. ನನ್ನ ಚೀಲದಲ್ಲಿ ಹತ್ತು ಸಾವಿರ ಉಳಿಯಿತು.

ಊಟ ಅಲ್ಲಿಯೇ ಆಯಿತು. ಬ್ಯಾಂಕಿನ ಮೂಲಕ ಹಣ ಕಳುಹಿಸಿ, ಕಾಗದಗಳನ್ನು ಹರಡಿಕೊಂಡು ಕುಳಿತೆವು. ಇದರಲ್ಲಿ ಮೇಷ್ಟರುಗಳು ಯಾರಿಗೂ ಕಡಿಮೆಯಿಲ್ಲ. ಮಾರಿದವರು ತಿಳಿಸುವ ಫಾರಂ 29, ಒಡೆತನ ಬದಲಿಸುವ ಫಾರಂ 30. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳಲ್ಲಿ, ಕೊಂಡವರು ಮೂವತ್ತು ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಕೊಂಡವರ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನ. ಹೆಸರು ಬದಲಾಗುವವರೆಗೆ ಅವಘಡವೇನಾದರೂ ಆದರೆ ಜವಾಬ್ದಾರಿ ಹಳೆಯ ಒಡೆಯನ ಕೊರಳಿಗೇ ಸುತ್ತಿಕೊಳ್ಳಬಹುದು. ಆದ್ದರಿಂದ ಕಾರು ಒಪ್ಪಿಸಿದ ದಿನ, ಗಂಟೆ, ನಿಮಿಷವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದೆವು. ನನ್ನ ಬರಹದಲ್ಲಿದ್ದ ಒಂದು ಅಕ್ಷರದೋಷವನ್ನು ಹೆಡ್‌ಮಾಸ್ತರರು ಕೆಂಪು ಶಾಯಿಯಲ್ಲಿ ತಿದ್ದಿದರು.

ಹೊರಡುವಾಗ ಆ ತಾಯಿ ಕಾರಿಗೆ ಕುಂಕುಮ ಹಚ್ಚಿ, ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟರು. ಹೆಡ್‌ಮಾಸ್ತರರು ಹೊದಿಕೆಯನ್ನು ಮಡಿಸಿ ಹಿಂದಿನ ಸೀಟಿನ ಮೇಲಿಟ್ಟರು. “ಬಿಸಿಲಲ್ಲಿ ನಿಲ್ಲಿಸಬೇಡಿ” ಎಂದರು. ಬೇರೇನೂ ಹೇಳಲಿಲ್ಲ.

ಮೈಸೂರಿನ ಹೆದ್ದಾರಿಯಲ್ಲಿ ಸಂಜೆಯಾಯಿತು. ರಾಮನಗರದ ಬಂಡೆಬೆಟ್ಟಗಳು ಕೆಂಪಾಗಿ, ಮಂಡ್ಯದ ಕಬ್ಬಿನ ಗದ್ದೆಗಳು ಕಪ್ಪಾಗುತ್ತ ಬಂದವು. ಮಾವ ಸೀಟಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಗಣಂಗೂರಿನ ಸುಂಕದ ಕಟ್ಟೆಯಲ್ಲಿ ಗಾಜಿನ ಮೇಲಿನ ಫಾಸ್ಟ್ಯಾಗ್ ಪಟ್ಟಿಯನ್ನು ಯಂತ್ರ ಗುರುತಿಸಿತು, ಅಡ್ಡಗಂಬ ಮೇಲೆದ್ದಿತು, ನಾವು ದಾಟಿದೆವು. ದಾಟಿದ ಮೇಲೆ ಹೊಳೆಯಿತು: ಆ ಪಟ್ಟಿ ಇನ್ನೂ ಹೆಡ್‌ಮಾಸ್ತರರ ಖಾತೆಗೇ ಸೇರಿದೆ! ಬೆಳಗಿನಿಂದ ಅಷ್ಟು ಕಾಗದ ಬರೆದವರು ಇದೊಂದನ್ನು ಇಬ್ಬರೂ ಮರೆತಿದ್ದೆವು.

ಬದಿಗೆ ನಿಲ್ಲಿಸಲು ತಾವು ಸಿಕ್ಕಿದೊಡನೆ ಅವರಿಗೆ ಫೋನು ಮಾಡಿದೆ. ನಾನು ಕ್ಷಮೆ ಕೇಳುವ ಮೊದಲೇ ಅವರು, “ಗಣಂಗೂರು ದಾಟಿದಿರಿ ಎಂದು ಈಗಷ್ಟೇ ಸಂದೇಶ ಬಂತು ಸಾರ್. ಇವಳಿಗೂ ಅದನ್ನೇ ಹೇಳುತ್ತಿದ್ದೆ. ಇನ್ನೇನು ಮನೆ ಹತ್ತಿರ. ಗಾಡಿ ಚೆನ್ನಾಗಿ ಓಡುತ್ತಿದೆ ತಾನೆ?” ಎಂದರು.

“ಚೆನ್ನಾಗಿ ಓಡುತ್ತಿದೆ ಸಾರ್” ಎಂದೆ. ಸುಂಕದ ಹಣವನ್ನು ಆಗಲೇ ಕಳುಹಿಸಿದೆ. ಸೋಮವಾರ ಆ ಪಟ್ಟಿಯನ್ನು ಮುಚ್ಚಿಸುವುದೆಂದು ಮಾತಾಯಿತು.

ಮಾವ ಕಣ್ಣು ತೆರೆದಿದ್ದರು. “ಯಾರು?”

“ಹೆಡ್‌ಮಾಸ್ತರರು. ಗಾಡಿ ಹೇಗಿದೆ ಎಂದು ಕೇಳಿದರು.”

“ಹೇಳಿದ್ಯಾ?”

“ಹೇಳಿದೆ ಮಾವ.”

“ಸರಿ, ನಡಿ” ಎಂದು ಅವರು ಟವೆಲನ್ನು ಮುಖದ ಮೇಲೆ ಎಳೆದುಕೊಂಡು ಮತ್ತೆ ನಿದ್ದೆಹೋದರು.